ಗಾಜಿನ ತೊಟ್ಟಿಯಲ್ಲಿ ಕಡಲು: ಒಂದು ಮೀನುಮೇಳದ ವಿಜ್ಞಾನ

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕರಾವಳಿಯವರಾದ ನಮಗೆ ಕಡಲ ಮೀನೆಂದರೆ ಬೂತಾಯಿ, ಬಂಗುಡೆ. ಸಾಕುವ ಮೀನೇನಿದ್ದರೂ ಸಿಹಿನೀರಿನದು. ಕಡಲ ಮೀನುಗಳನ್ನು ಮನೆಯಲ್ಲಿ ಸಾಕುವ ಹವ್ಯಾಸಿಗಳಿಗಾಗಿ ಕೊಚ್ಚಿಯಲ್ಲಿ ಏರ್ಪಟ್ಟಿದ್ದ ವ್ಯಾಪಾರ ಮೇಳಕ್ಕೆ ಮೊದಲ ಬಾರಿ ಹೋದಾಗ ಅಲ್ಲಿ ಮೀನುಗಳಿಗಿಂತ ಯಂತ್ರಗಳೇ ಹೆಚ್ಚು ಕಂಡವು. ಪಂಪುಗಳು, ನೀರು ತಂಪಾಗಿಸುವ ಚಿಲ್ಲರ್‌ಗಳು, ನೀಲಿ ದೀಪಗಳು, ಬಕೆಟ್‌ಗಟ್ಟಲೆ ಉಪ್ಪು: ಸಮುದ್ರವು ತನ್ನ ಪಾಡಿಗೆ ತಾನು ಮಾಡುವ ಕೆಲಸವನ್ನು ನೂರು ಲೀಟರ್ ನೀರಿನಲ್ಲಿ ಮಾಡಿಸಲು ಇಷ್ಟೆಲ್ಲ ಸಲಕರಣೆ ಬೇಕಾಗುತ್ತದೆ.

ಕಡಲಿನ ಪಕ್ಕದಲ್ಲೇ ಇರುವವರು ಉಪ್ಪನ್ನು ದುಡ್ಡು ಕೊಟ್ಟು ಏಕೆ ಕೊಳ್ಳಬೇಕೆಂದು ನಮ್ಮೂರಿನ ಯಾರಾದರೂ ಕೇಳಿಯಾರು. ತೆರೆದ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಆದರೆ ಮಳೆಗಾಲದಲ್ಲಿ ಚಂದ್ರಗಿರಿ, ಶಿರಿಯ, ಉಪ್ಪಳ ಹೊಳೆಗಳು ತುಂಬಿ ಹರಿದಾಗ ಅಳಿವೆಯ ಸುತ್ತಲಿನ ನೀರು ಸಪ್ಪೆಯಾಗುತ್ತದೆ, ಮಣ್ಣಿನಿಂದ ಕದಡಿಯೂ ಇರುತ್ತದೆ. ಹವಳದ ದಿಬ್ಬಗಳ ಮೀನುಗಳು ಇಂಥ ಏರಿಳಿತಕ್ಕೆ ಒಗ್ಗಿದವಲ್ಲ. ಅವುಗಳ ರಕ್ತದಲ್ಲಿರುವ ಲವಣಾಂಶ ಸಮುದ್ರದ ನೀರಿನದರ ಸುಮಾರು ಮೂರನೆಯ ಒಂದು ಭಾಗ ಮಾತ್ರವಾದ್ದರಿಂದ ದೇಹದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಮೀನು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಅಲ್ಲೇ ಉಳಿಯುವುದರಿಂದ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಅಡುಗೆಯ ಉಪ್ಪಂತೂ ನಡೆಯದು; ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ಸರಿಯಾದ ಪ್ರಮಾಣದಲ್ಲಿ ಬೆರೆತ ಮಿಶ್ರಣವೇ ಆಗಬೇಕು.

ಮಳಿಗೆಗಳಲ್ಲಿ ಎಲ್ಲರೂ ಸುತ್ತುವರಿದು ನೋಡುತ್ತಿದ್ದದ್ದು ಪ್ರೋಟೀನ್ ಸ್ಕಿಮ್ಮರ್ ಎಂಬ ಉಪಕರಣವನ್ನು. ಉದ್ದನೆಯ ಕೊಳವೆಯೊಳಗೆ ಅತಿ ಸಣ್ಣ ಗುಳ್ಳೆಗಳನ್ನು ಎಬ್ಬಿಸಿದಾಗ, ಒಂದು ತುದಿ ನೀರಿಗೆ ಅಂಟಿಕೊಂಡು ಇನ್ನೊಂದು ತುದಿ ನೀರಿನಿಂದ ದೂರ ಸರಿಯುವ ಸಾವಯವ ಅಣುಗಳು ಗುಳ್ಳೆಯ ಮೈಗೆ ಹತ್ತಿಕೊಂಡು, ಕಂದು ಬಣ್ಣದ ನೊರೆಯಾಗಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತವೆ. ಮಳೆಗಾಲದ ಆಟಿ ತಿಂಗಳಿನ ತೆರೆಗಳು ದಡಕ್ಕೆ ತಂದು ಹಾಕುವ ನೊರೆಯ ಹಿಂದಿರುವುದೂ ಇದೇ ಭೌತವಿಜ್ಞಾನ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದು ಕಡಿಮೆಯಾದ್ದರಿಂದ ಈ ಉಪಕರಣ ಸಿಹಿನೀರಿನ ತೊಟ್ಟಿಗಳಲ್ಲಿ ಅಷ್ಟಾಗಿ ಕೆಲಸ ಮಾಡದು.

ಎಲ್ಲಕ್ಕಿಂತ ಮುಖ್ಯವಾದ ಯಂತ್ರ ಕಣ್ಣಿಗೆ ಕಾಣುವುದೇ ಇಲ್ಲ. ಮೀನು ವಿಸರ್ಜಿಸುವ ಅಮೋನಿಯವನ್ನು ಒಂದು ಗುಂಪಿನ ಬ್ಯಾಕ್ಟೀರಿಯಗಳು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪಿನವು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಕಡಲ ನೀರಿನ ಪಿಎಚ್, ಅಂದರೆ ಆಮ್ಲೀಯತೆ-ಕ್ಷಾರೀಯತೆಯ ಅಳತೆ, 8ಕ್ಕಿಂತ ತುಸು ಹೆಚ್ಚು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುವುದರಿಂದ ಇಲ್ಲಿ ತಪ್ಪಿಗೆ ಅವಕಾಶ ಕಡಿಮೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ತೊಟ್ಟಿಯನ್ನೂ ಮೀನನ್ನೂ ಒಂದೇ ಚೀಲದಲ್ಲಿ ಹೊತ್ತು ಮನೆಗೆ ಹೊರಟವರನ್ನು ಕಂಡಾಗ ಆ ಮೀನಿನ ಬಗ್ಗೆ ಮರುಕವೆನಿಸಿತು.

ಹವಳಗಳ ವಿಷಯ ಬೇರೆ. ಹವಳದ ದಿಬ್ಬಗಳನ್ನು ಕಟ್ಟುವ ಗಟ್ಟಿ ಹವಳಗಳೂ ಕಡಲ್ಗುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪಟ್ಟಿಗೆ 2001ರಲ್ಲಿ ಸೇರಿದವು. ಆದ್ದರಿಂದ ನಮ್ಮ ಕಡಲಿನಾಚೆ ಲಕ್ಷದ್ವೀಪವೆಂಬ ಇಡೀ ದ್ವೀಪಸಮೂಹವೇ ಹವಳದಿಂದಾಗಿದ್ದರೂ ಅಲ್ಲಿಯ ಒಂದು ತುಂಡನ್ನು ಕಿತ್ತು ತಂದು ಮಾರುವಂತಿಲ್ಲ. ಹವಳದೊಳಗಿನ ಪಾಚಿಗಳ ದ್ಯುತಿಸಂಶ್ಲೇಷಣೆಗೆಂದು ರೂಪಿಸಿದ ದುಬಾರಿ ನೀಲಿ ದೀಪದ ಕೆಳಗೆ ರೆಸಿನ್‌ನಲ್ಲಿ ಅಚ್ಚು ಹಾಕಿದ ನಕಲಿ ಹವಳವೊಂದು ಹೊಳೆಯುತ್ತಿದ್ದುದು ವಿಚಿತ್ರವೇ ಸರಿ. ಆದರೂ ನನ್ನ ಮಟ್ಟಿಗೆ ಈ ನಕಲಿಯೇ ಮೇಲು.

ಮೀನು ಕೊಳ್ಳುವಾಗ ಬೆಲೆಗಿಂತ ಮೊದಲು ಅದು ಹುಟ್ಟಿದ್ದೆಲ್ಲಿ ಎಂದು ಕೇಳಬೇಕು. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಕಡಲಿನವುಗಳಲ್ಲಿ ಬಹುಪಾಲು ಇಂದಿಗೂ ಸಮುದ್ರದಿಂದ ಹಿಡಿದವು. ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳಲ್ಲಿ ಸಯನೈಡ್ ಸಿಂಪಡಿಸಿ ಮಂಪರು ಬರಿಸಿ ಮೀನು ಹಿಡಿಯುವ ಪದ್ಧತಿ ಸುತ್ತಲಿನ ಹವಳಗಳನ್ನೂ ಕೊಂದಿದೆ. ಕ್ಲೌನ್ ಮೀನಿಗೆ ಈ ಹಂಗಿಲ್ಲ. ಕೊಚ್ಚಿಯಲ್ಲೇ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿಳಿಞ್ಞಂ, ಮಂಡಪಂ ಕೇಂದ್ರಗಳಲ್ಲಿ ಅದರ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಸುಮಾರು ಒಂದು ವಾರ ಅಪ್ಪ ಮೀನಿನ ಕಾವಲಿನಲ್ಲಿದ್ದು, ಕತ್ತಲಾದ ಮೇಲೆ ಒಡೆಯುವ ಮೊಟ್ಟೆಗಳಿಂದ ಬರುವ ಮರಿಗಳಿಗೆ ಮೊದಲ ಆಹಾರ ರೋಟಿಫರ್ ಎಂಬ ಸೂಕ್ಷ್ಮಜೀವಿ. ಆ ರೋಟಿಫರ್‌ಗಳಿಗಾಗಿ ಪಾಚಿಯನ್ನೂ ಬೇರೆಯಾಗಿ ಬೆಳೆಸಬೇಕು.

ಕ್ಲೌನ್ ಮೀನಿನ ಜೋಡಿಗೆಂದು ಹೆಚ್ಚು ಹಣ ತೆರಬೇಕಾಗಿಯೂ ಇಲ್ಲ. ಎಲ್ಲ ಮರಿಗಳೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಒಟ್ಟಿಗೆ ಬಿಟ್ಟ ಎರಡು ಎಳೆಯ ಮೀನುಗಳಲ್ಲಿ ಮುಂದೆ ದೊಡ್ಡದಾದದ್ದು ಹೆಣ್ಣಾಗುತ್ತದೆ. ಅದು ಸತ್ತರೆ ಉಳಿದ ಗಂಡೇ ಹೆಣ್ಣಾಗಿ ಬದಲಾಗುತ್ತದೆ, ಹಾಗಾಗಿ ಆಗ ಕೊಳ್ಳಬೇಕಾದದ್ದು ಅದಕ್ಕಿಂತ ಚಿಕ್ಕದಾದ ಇನ್ನೊಂದು ಮೀನನ್ನು.