ಹಳೆಯ ಕಾರಿನ ವೈರಿಂಗ್‌ನಲ್ಲಿ ಕಳೆದುಹೋಗುವ ವೋಲ್ಟುಗಳು

ಪ್ರೀಮಿಯರ್ ಪದ್ಮಿನಿಯನ್ನೋ ಅಂಬಾಸಡರನ್ನೋ ಹವ್ಯಾಸಕ್ಕಾಗಿ ಮನೆಯಲ್ಲಿ ಉಳಿಸಿಕೊಂಡವರನ್ನು ಎಂಜಿನ್ನಿಗಿಂತ ಹೆಚ್ಚಾಗಿ ಕಾಡುವುದು ವೈರಿಂಗ್. ಹೆಡ್‌ಲೈಟು ಮಂಕಾಗುತ್ತದೆ, ಸೆಲ್ಫ್ (ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರು) ಒಮ್ಮೆ ಎತ್ತಿದರೆ ಇನ್ನೊಮ್ಮೆ ಎತ್ತುವುದಿಲ್ಲ, ಬ್ರೇಕ್ ತುಳಿದರೆ ಸಂಬಂಧವೇ ಇಲ್ಲದ ಇನ್ನೊಂದು ದೀಪ ಮಿಣಕುತ್ತದೆ. ಆಗ ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರು, ಕೊನೆಗೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಎಂದು ಒಂದೊಂದಾಗಿ ಬದಲಾಯಿಸುತ್ತ ಹೋಗುವವರೇ ಹೆಚ್ಚು. ಇದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ವ್ಯಾಪಾರವಾದೀತು, ಕಾರು ಸರಿಹೋಗುವ ಖಾತ್ರಿಯಿಲ್ಲ. ದಶಕಗಳ ಕಾಲ ಮಳೆ, ಧೂಳು, ಅದುರಾಟಗಳನ್ನು ಕಂಡ ಗಾಡಿಯಲ್ಲಿ ದೋಷ ಬಹುಪಾಲು ಅಡಗಿರುವುದು ಭಾಗಗಳನ್ನು ಒಂದಕ್ಕೊಂದು ಸೇರಿಸುವ ಜೋಡಣೆಗಳಲ್ಲಿ: ತುಕ್ಕು ಹಿಡಿದ ಬೋಲ್ಟು, ತಂತಿಯ ತುದಿಯಲ್ಲಿ ಹಸಿರು ಕಿಲುಬು ಕಟ್ಟಿದ ತಾಮ್ರದ ಲಗ್ಗು, ಸಡಿಲಗೊಂಡ ಫ್ಯೂಸ್ ಹಿಡಿಕೆ.

ಇಂಥ ಒಂದು ಜೋಡಣೆ ಎಷ್ಟು ಹಾನಿ ಮಾಡಬಲ್ಲದು ಎಂಬುದನ್ನು ಶಾಲೆಯಲ್ಲಿ ಕಲಿತ ಓಮ್‌ನ ನಿಯಮದಿಂದಲೇ ಲೆಕ್ಕ ಹಾಕಬಹುದು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ಆ ಜಾಗದಲ್ಲಿ ಕಳೆದುಹೋಗುವ ವೋಲ್ಟೇಜ್ ಸಿಗುತ್ತದೆ. ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಕೇವಲ 0.01 ಓಮ್ ರೋಧ ಸೇರಿಕೊಂಡಿದೆ ಎಂದಿಟ್ಟುಕೊಳ್ಳೋಣ. 5 ಆಂಪಿಯರ್ ಎಳೆಯುವ ಹೆಡ್‌ಲೈಟಿಗೆ ಅದರಿಂದಾಗುವ ನಷ್ಟ 0.05 ವೋಲ್ಟ್, ಕಣ್ಣಿಗೆ ಗೊತ್ತೇ ಆಗದಷ್ಟು. ಆದರೆ ಎಂಜಿನ್ ತಿರುಗಿಸುವಾಗ ಸೆಲ್ಫ್ ಸುಮಾರು 150 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 1.5 ವೋಲ್ಟ್ ಕರಗಿಹೋಗುತ್ತದೆ. ಆದ್ದರಿಂದ ‘ಲೈಟು ಚೆನ್ನಾಗಿಯೇ ಉರಿಯುತ್ತಿದೆ, ಬ್ಯಾಟರಿ ಕಡೆ ತೊಂದರೆ ಇಲ್ಲ, ಸೆಲ್ಫೇ ಹೋಗಿದೆ’ ಎನ್ನುವ ತೀರ್ಮಾನವನ್ನು ನಂಬಲಾಗದು. ಹಾಗೆ ಕಳೆದುಹೋದ ವಿದ್ಯುತ್ತು ಆ ಜಾಗದಲ್ಲೇ ಶಾಖವಾಗುತ್ತದೆ. ಮೇಲಿನ ಲೆಕ್ಕದಲ್ಲಿ ಅದು 225 ವ್ಯಾಟ್. ಕೆಲವು ಸೆಕೆಂಡು ಸೆಲ್ಫ್ ಹೊಡೆದು, ಕೀಲಿ ತೆಗೆದು, ಟರ್ಮಿನಲ್ಲುಗಳನ್ನು ಎಚ್ಚರದಿಂದ ಮುಟ್ಟಿ ನೋಡಿದರೆ ಅಪರಾಧಿ ಬಿಸಿಯಾಗಿ ಸಿಕ್ಕಿಬೀಳುವುದೂ ಉಂಟು.

ಇಲ್ಲಿ ಹವ್ಯಾಸಿಗಳು ಎಡವುವ ಜಾಗವೊಂದಿದೆ. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಕೇಬಲ್ಲಿನ ಎರಡು ತುದಿಗಳಿಗೆ ಹಿಡಿದು, ‘ಬೀಪ್’ ಎಂದರೆ ಸರಿಯಿದೆ ಎಂದುಕೊಳ್ಳುತ್ತಾರೆ. ಸಾಮಾನ್ಯ ಮೀಟರಿನ ತಂತಿಗಳದ್ದೇ ರೋಧ 0.2 ಓಮ್‌ನಷ್ಟಿರಬಹುದು, 0.01 ಓಮನ್ನು ಅದು ಗುರುತಿಸುವುದಾದರೂ ಹೇಗೆ? ಅದೂ ಅಲ್ಲದೆ ರೋಧ ಅಳೆಯುವಾಗ ಮೀಟರ್ ಹರಿಸುವುದು ತೀರಾ ಅಲ್ಪ ಪ್ರವಾಹ. ಕೇಬಲ್ಲಿನ ಎಳೆಗಳೆಲ್ಲ ಕಡಿದುಹೋಗಿ ಒಂದೇ ಎಳೆ ಉಳಿದಿದ್ದರೂ ಆ ಪ್ರವಾಹಕ್ಕೆ ಅದು ಧಾರಾಳವಾಗಿ ಸಾಕು. ಇದೇ ಕಾರಣಕ್ಕೆ ಹಳೆಯ ಎಲೆಕ್ಟ್ರಿಷಿಯನ್ನರ ಟೆಸ್ಟ್ ಲ್ಯಾಂಪನ್ನು, ಅಂದರೆ ಒಂದು ಬಲ್ಬಿಗೆ ಎರಡು ತಂತಿ ಬೆಸೆದ ಸರಳ ಸಾಧನವನ್ನು, ಕಡೆಗಣಿಸಬಾರದು. ಡಿಜಿಟಲ್ ಮೀಟರು 12 ವೋಲ್ಟ್ ಇದೆ ಎಂದು ತೋರಿಸುವ ಕಡೆಯಲ್ಲಿ 21 ವ್ಯಾಟಿನ ಬಲ್ಬು ಮಂಕಾಗಿ ಉರಿದರೆ, ನಿಜ ಹೇಳುತ್ತಿರುವುದು ಬಲ್ಬು. ಎಂಜಿನ್ ಕಂಪ್ಯೂಟರ್ ಇರುವ ಹೊಸ ಕಾರುಗಳಲ್ಲಿ ಮಾತ್ರ ಇಷ್ಟು ಪ್ರವಾಹ ಎಳೆಯುವ ಬಲ್ಬನ್ನು ಕಂಡಕಂಡ ತಂತಿಗೆ ಹಚ್ಚುವಂತಿಲ್ಲ.

ಸರಿಯಾದ ವಿಧಾನವೆಂದರೆ ಪ್ರವಾಹ ಜೋರಾಗಿ ಹರಿಯುತ್ತಿರುವಾಗಲೇ ವೋಲ್ಟೇಜ್ ಕುಸಿತವನ್ನು ಅಳೆಯುವುದು. ಮೊದಲು ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿಯನ್ನು ಅಳೆಯಬೇಕು. 12.6 ವೋಲ್ಟಿನ ಆಸುಪಾಸಿದ್ದರೆ ಪೂರ್ತಿ ಚಾರ್ಜ್ ಆಗಿದೆ ಎಂದರ್ಥ. 12ಕ್ಕೆ ಇಳಿದಿದ್ದರೆ ಹೆಚ್ಚಿನ ಪಾಲು ಖಾಲಿಯಾಗಿದೆ, ಮುಂದಿನ ಪರೀಕ್ಷೆಗೆ ಮುನ್ನ ಚಾರ್ಜ್ ಮಾಡಿಸಬೇಕು. ಆಮೇಲೆ ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲಿಗೆ (ಪ್ಲಗ್ಗುಗಳಿಗೆ ಕಿಡಿ ಒದಗಿಸುವ ಸುರುಳಿಗೆ) ಬರುವ ಸಣ್ಣ ತಂತಿಯನ್ನು ಕಳಚಿ, ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ನೋಡಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಬೇಕು. ಆ ಹೊತ್ತಿನಲ್ಲಿ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ (ಕ್ಲಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆಯೇ), ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹದ ಮೇಲೆ ಇಟ್ಟರೆ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ 0.5ರ ಒಳಗಿದ್ದರೆ ಸಾಕು. ಹೆಚ್ಚು ತೋರಿಸಿದ ಕಡೆ ಮೊನೆಯನ್ನು ಒಂದೊಂದೇ ಜೋಡಣೆ ಹತ್ತಿರ ತರುತ್ತ ಬಂದರೆ, ಸಂಖ್ಯೆ ಥಟ್ಟನೆ ಇಳಿಯುವ ಜಾಗವೇ ದೋಷದ ಜಾಗ. ಎರಡೂ ಕಡೆ ಸರಿಯಿದ್ದು, ಬ್ಯಾಟರಿಯ ಕಂಬಗಳ ನಡುವೆಯೇ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ, ಬ್ಯಾಟರಿಯನ್ನು ಅನುಮಾನಿಸಲು ಆಗ ಕಾರಣವಿದೆ.

ನೆಗೆಟಿವ್ ಕಡೆಯ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ಯಾರೂ ನೋಡುವುದಿಲ್ಲ. ಕಾರಿನಲ್ಲಿ ಪ್ರತಿ ದೀಪಕ್ಕೂ ಒಂದೇ ತಂತಿ ಹೋಗುತ್ತದೆ. ಪ್ರವಾಹ ಬಾಡಿಯ ತಗಡಿನ ಮೂಲಕ ಬ್ಯಾಟರಿಗೆ ಮರಳುತ್ತದೆ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ರಬ್ಬರು ಪ್ರವಾಹ ಹರಿಸದು, ಹಾಗಾಗಿ ಎಂಜಿನ್ನಿನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಎಂಜಿನ್ ಇಳಿಸಿ ಏರಿಸುವಾಗ ಈ ಪಟ್ಟಿ ಮರೆತುಹೋದರೆ, ಸೆಲ್ಫಿನ ಭಾರೀ ಪ್ರವಾಹ ಚೋಕ್ ಕೇಬಲ್ಲನ್ನೋ ಆಕ್ಸಿಲರೇಟರ್ ಕೇಬಲ್ಲನ್ನೋ ದಾರಿ ಮಾಡಿಕೊಳ್ಳುತ್ತದೆ. ಸೆಲ್ಫ್ ಹೊಡೆದಾಗ ಚೋಕಿನ ಗುಬಟು ಬಿಸಿಯಾಗಿ ಹೊಗೆಯಾಡುವ ವಿಚಿತ್ರದ ಹಿಂದಿನ ಗುಟ್ಟು ಇದೇ. ಕಾರಿಗೆ ಚೆಂದವಾಗಿ ಹೊಸ ಬಣ್ಣ ಹೊಡೆಸಿದ ಮೇಲೆ ಲೈಟುಗಳು ಕೈಕೊಡುವುದೂ ಹೀಗೆಯೇ: ಅರ್ಥ್ ಬೋಲ್ಟಿನ, ಅಂದರೆ ನೆಗೆಟಿವ್ ತಂತಿಯನ್ನು ಬಾಡಿಗೆ ಬಿಗಿಯುವ ಬೋಲ್ಟಿನ, ಕೆಳಗೆ ಬಣ್ಣ ಕೂತಿರುತ್ತದೆ. ಹಿಂದಿನ ದೀಪದ ಗೂಡಿನ ಅರ್ಥ್ ಹೋದರೆ ಆಟ ಇನ್ನೂ ಸ್ವಾರಸ್ಯಕರ. ಬ್ರೇಕ್ ಬಲ್ಬಿನ ಪ್ರವಾಹಕ್ಕೆ ನೇರ ದಾರಿ ಇಲ್ಲದ್ದರಿಂದ ಅದು ಪಕ್ಕದ ಪಾರ್ಕಿಂಗ್ ಬಲ್ಬಿನ ಎಳೆಯನ್ನು ಹಿಮ್ಮುಖವಾಗಿ ಹಾದು, ಅದರ ತಂತಿಯಲ್ಲಿ ಮುಂದೆ ಸಾಗಿ, ಬೇರೆ ಕಡೆಯ ಪಾರ್ಕಿಂಗ್ ಬಲ್ಬುಗಳ ಮೂಲಕ ಬಾಡಿಯನ್ನು ಸೇರುತ್ತದೆ. ಎಲ್ಲವೂ ಅರೆಬರೆ ಉರಿಯುತ್ತವೆ. ಬೋಲ್ಟು ಬಿಚ್ಚಿ, ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದರೆ ಮುಗಿಯಿತು. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ ಈ ಕೆಲಸವನ್ನು ಹೆಚ್ಚು ಸಲ ಮಾಡಬೇಕಾದೀತು.

ಬ್ಯಾಟರಿ ಕಳಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪಾನರ್ ಬಾಡಿಗೆ ತಗುಲಿದರೂ ಆಗ ಶಾರ್ಟ್ ಆಗುವುದಿಲ್ಲ. ಕೈಯಲ್ಲಿ ಉಂಗುರ, ಕಡಗ ಇರಬಾರದು.

ಹೆಡ್‌ಲೈಟಿನ ಮಂಕುತನಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುವುದರಿಂದ, ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಸವೆದ ಸ್ವಿಚ್ಚಿನ ಮೂಲಕ ಇಡೀ ಪ್ರವಾಹ ಹರಿಯುವ ಬದಲು ಒಂದು ರಿಲೇ (ಅಲ್ಪ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹಾಕಿ ಆರಿಸುವ ಸ್ವಿಚ್ಚು) ಹಾಕಿ ಬ್ಯಾಟರಿಯಿಂದ ನೇರ ತಂತಿ ಎಳೆದರೆ ಸಾಕು. ಆ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಹೆಚ್ಚು ವ್ಯಾಟಿನ ಬಲ್ಬು ಹಾಕುವುದು ನನ್ನ ದೃಷ್ಟಿಯಲ್ಲಿ ದಡ್ಡತನ. ಹಳೆಯ ತಂತಿ ಇನ್ನಷ್ಟು ಬಿಸಿಯಾಗುತ್ತದೆ.

ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಕೆಲವೇ ದಿನಗಳಲ್ಲಿ ಬರಿದಾಗುವುದು ಬೇರೆ ಬಗೆಯ ಸಮಸ್ಯೆ. ಆರದೆ ಉಳಿದ 5 ವ್ಯಾಟಿನ ಒಂದು ಬಲ್ಬು 40 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಸುಮಾರು ನಾಲ್ಕು ದಿನಗಳಲ್ಲಿ ಹೀರಿಬಿಡುತ್ತದೆ. ಎಲ್ಲವನ್ನೂ ಆರಿಸಿ, ನೆಗೆಟಿವ್ ಕೇಬಲ್ ಕಳಚಿ, ಆ ಸಂದಿನಲ್ಲಿ ಮೀಟರನ್ನು 10 ಆಂಪಿಯರಿಗೆ ಇಟ್ಟು ಸೇರಿಸಬೇಕು. ಆಗ ಮರೆತೂ ಸೆಲ್ಫ್ ಹೊಡೆಯಬಾರದು. ರೇಡಿಯೊ, ಗಡಿಯಾರ ಇಲ್ಲದ ಹಳೆಯ ಕಾರಿನಲ್ಲಿ ಮೀಟರು ಸೊನ್ನೆಯ ಹತ್ತಿರವೇ ನಿಲ್ಲಬೇಕು. ಹೆಚ್ಚು ತೋರಿಸಿದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋಗಿ, ಯಾವುದನ್ನು ತೆಗೆದಾಗ ಸಂಖ್ಯೆ ಇಳಿಯುತ್ತದೆಯೋ ಆ ಸರ್ಕಿಟ್ಟನ್ನು ಹುಡುಕಬೇಕು. ಎಲ್ಲ ಫ್ಯೂಸುಗಳನ್ನು ತೆಗೆದ ಮೇಲೂ ಪ್ರವಾಹ ಹರಿಯುತ್ತಿದ್ದರೆ, ನೆಗೆಟಿವ್ ಕಡೆಯನ್ನು ಪೂರ್ತಿ ಬಿಡಿಸಿಕೊಂಡು, ಆಲ್ಟರ್ನೇಟರಿನ ದಪ್ಪ ತಂತಿಯನ್ನು ಕಳಚಿ, ಅದರ ತುದಿಗೆ ಟೇಪು ಸುತ್ತಿ, ಮತ್ತೆ ಅಳೆಯಬೇಕು. ಆಗ ಸೊನ್ನೆಗೆ ಇಳಿದರೆ ಒಳಗಿನ ಡಯೋಡು (ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಿಮ್ಮುಖವಾಗಿ ಸೋರುತ್ತಿದೆ. ಅಷ್ಟನ್ನು ಚೀಟಿಯಲ್ಲಿ ಬರೆದು ಆಲ್ಟರ್ನೇಟರನ್ನು ಎಲೆಕ್ಟ್ರಿಷಿಯನ್ನರಿಗೆ ಒಪ್ಪಿಸಬಹುದು.