ಜರ್ಮನ್ ನಿಜಕ್ಕೂ ಬರೆದಂತೆ ಓದುವ ಭಾಷೆಯೇ?

ಪ್ರಶ್ನೆ: ಜರ್ಮನ್ ಭಾಷೆಯನ್ನು ಕನ್ನಡದ ಹಾಗೆ ಬರೆದಂತೆಯೇ ಓದಬಹುದು, ಇಂಗ್ಲಿಷಿನ ಗೋಜಲು ಅದರಲ್ಲಿಲ್ಲ ಎನ್ನುತ್ತಾರೆ. ಆದರೂ ನಾನು ಓದಿದ್ದರಲ್ಲಿ ಅರ್ಧಕ್ಕರ್ಧ ತಪ್ಪಾಗುತ್ತದೆ. ಯಾಕೆ?

ಉತ್ತರ: ಆ ಮಾತು ಒಂದು ದಿಕ್ಕಿಗೆ ಮಾತ್ರ ನಿಜ. ಬರಹ ನೋಡಿ ಉಚ್ಚರಿಸುವುದು ಜರ್ಮನ್‌ನಲ್ಲಿ ಬಹುಮಟ್ಟಿಗೆ ನಿಯಮಕ್ಕೆ ಒಳಪಟ್ಟಿದೆ; ಕೇಳಿ ಬರೆಯುವುದು ಅಷ್ಟು ಸಲೀಸಲ್ಲ. ಓದುವಾಗಲೇ ಎಡವುತ್ತಿದ್ದೀರಿ ಎಂದರೆ, ಲಿಪಿ ಅದೇ ರೋಮನ್ ಆದ್ದರಿಂದ ನಾಲಿಗೆ ಇಂಗ್ಲಿಷಿನ ರೂಢಿಯನ್ನೇ ಹಿಡಿದಿದೆ ಎಂದರ್ಥ. ಇಲ್ಲಿ ಅಕ್ಷರಗಳನ್ನು ಅವುಗಳ ಇಂಗ್ಲಿಷ್ ಹೆಸರಿನಿಂದಲೇ ಕರೆಯೋಣ.

ಮೊದಲು ಸರಿಪಡಿಸಿಕೊಳ್ಳಬೇಕಾದದ್ದು ‘ಇ’ ಮತ್ತು ‘ಐ’ ಅಕ್ಷರಗಳ ಜೋಡಿ. ‘ಇ’ ಮೊದಲು ಬಂದು ‘ಐ’ ನಂತರ ಬಂದರೆ ಉಚ್ಚಾರಣೆ ‘ಐ’, ಅದಲುಬದಲಾದರೆ ‘ಈ’. ಎರಡನೆಯ ಅಕ್ಷರದ ಇಂಗ್ಲಿಷ್ ಹೆಸರೇ ಉಚ್ಚಾರಣೆ ಎಂದು ನೆನಪಿಟ್ಟರೆ ಸಾಕು. ‘ವೈನ್’ ಎಂದರೆ ದ್ರಾಕ್ಷಾರಸ, ‘ವೀನ್’ ಎಂದರೆ ಆಸ್ಟ್ರಿಯದ ರಾಜಧಾನಿ ವಿಯೆನ್ನಾ. ಬರಹದಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಆ ಜೋಡಿಯ ಕ್ರಮವಷ್ಟೇ. ಎರಡೂ ಪದಗಳು ಶುರುವಾಗುವುದು ಡಬ್ಲ್ಯೂದಿಂದ, ಅದರ ಉಚ್ಚಾರಣೆ ‘ವ’. ವಿ ಅಕ್ಷರಕ್ಕೆ ಅಚ್ಚ ಜರ್ಮನ್ ಪದಗಳಲ್ಲಿ ಸಾಮಾನ್ಯವಾಗಿ ‘ಫ’: ತಂದೆ ‘ಫಾಟರ್’. ಝಡ್ ಯಾವಾಗಲೂ ‘ತ್ಸ’: ಸಮಯ ‘ತ್ಸೈಟ್’.

ಕನ್ನಡಿಗರನ್ನು ಹೆಚ್ಚು ಕಾಡುವುದು ಜೋಡಿ ವ್ಯಂಜನ. ನಮ್ಮಲ್ಲಿ ‘ಹಳಿ’ ಬೇರೆ, ‘ಹಳ್ಳಿ’ ಬೇರೆ. ಒತ್ತಕ್ಷರ ಕಂಡರೆ ವ್ಯಂಜನವನ್ನೇ ಒತ್ತಿ ಹೇಳುತ್ತೇವೆ. ಜರ್ಮನ್‌ನಲ್ಲಿ ಜೋಡಿ ವ್ಯಂಜನ ಬರೆಯುವುದು ಅದರ ಹಿಂದಿನ ಸ್ವರ ಹ್ರಸ್ವ ಎಂದು ತಿಳಿಸುವುದಕ್ಕೆ. ಒಂದು ಎಫ್ ಇದ್ದರೆ ‘ಓಫನ್’, ಅಂದರೆ ಒಲೆ. ಎರಡು ಎಫ್ ಇದ್ದರೆ ‘ಒಫನ್’, ಅಂದರೆ ತೆರೆದಿರುವ. ‘ಒಫ್ಫನ್’ ಅಲ್ಲವೇ ಅಲ್ಲ. ಹಾಗೆಯೇ ‘ಬೆಟ್’ ಹಾಸಿಗೆ, ‘ಬೇಟ್’ ಹೂವಿನ ಪಾತಿ. ಒ–ಓ, ಎ–ಏ ಭೇದ ಕನ್ನಡಿಗರ ಕಿವಿಗೆ ಹುಟ್ಟಿನಿಂದಲೇ ಬಂದಿದೆ, ಅದನ್ನು ಇಲ್ಲಿ ದುಡಿಸಿಕೊಳ್ಳಿ. ಇಂಗ್ಲಿಷಿನಲ್ಲೂ ಜೋಡಿ ವ್ಯಂಜನವನ್ನು ಒತ್ತುವುದಿಲ್ಲ. ನಾವು ‘ರಬ್ಬರ್’ ಎನ್ನುವುದು ನಮ್ಮ ಒತ್ತಕ್ಷರದ ಅಭ್ಯಾಸದಿಂದ.

ಬಿ ಅಕ್ಷರದಂತೆ ಕಾಣುವ ‘ಎಸ್‌ತ್ಸೆಟ್’ ಕೂಡ ಇದೇ ಲೆಕ್ಕಕ್ಕೆ ಸೇರಿದ್ದು. ಅದರ ಉಚ್ಚಾರಣೆ ‘ಸ’. 1996ರ ಕಾಗುಣಿತ ಸುಧಾರಣೆಯ ಪ್ರಕಾರ ದೀರ್ಘ ಸ್ವರದ ನಂತರ ಎಸ್‌ತ್ಸೆಟ್ (‘ಫೂಸ್’, ಪಾದ), ಹ್ರಸ್ವದ ನಂತರ ಎರಡು ಎಸ್ (‘ಫ್ಲುಸ್’, ನದಿ). ಅದಕ್ಕೂ ಹಿಂದೆ ಅಚ್ಚಾದ ಪುಸ್ತಕಗಳಲ್ಲಿ ‘ಫ್ಲುಸ್’ ಪದಕ್ಕೂ ಎಸ್‌ತ್ಸೆಟ್ ಕಾಣುತ್ತದೆ, ಮುದ್ರಣದೋಷ ಎಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ಈ ಅಕ್ಷರವನ್ನೇ ಬಳಸುವುದಿಲ್ಲ, ಎಲ್ಲೆಡೆ ಎರಡು ಎಸ್.

ಸಿ–ಎಚ್ ಜೋಡಿಗೆ ಎರಡು ಉಚ್ಚಾರಣೆಗಳಿವೆ. ಅ, ಒ, ಉ ಸ್ವರಗಳ ನಂತರ ಗಂಟಲಲ್ಲಿ ಉಜ್ಜಿ ಬರುವ ‘ಖ್’. ಇ, ಎ (ಇಂಗ್ಲಿಷ್ ಅಕ್ಷರದ ಹೆಸರುಗಳಲ್ಲ, ಕನ್ನಡದ ಸ್ವರಗಳು) ನಂತರ ಬರುವುದನ್ನು ಕನ್ನಡದಲ್ಲಿ ಬರೆದು ತೋರಿಸಲಾಗದು: ನಾಲಿಗೆಯನ್ನು ‘ಈ’ ಹೇಳುವ ಜಾಗದಲ್ಲಿಟ್ಟು, ದನಿ ಹೊರಡಿಸದೆ ಉಸಿರು ಮಾತ್ರ ಊದಿ. ಅದು ‘ಶ್’ ಆಗಬಾರದು, ‘ಕ್’ ಕೂಡ ಆಗಬಾರದು.

ಇನ್ನು ಇಂಗ್ಲಿಷ್ ಯಾಕೆ ಹೀಗೆ? ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣ ಆರಂಭಿಸಿದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತ ಬಂತು. ಸುಮಾರು 1400ರಿಂದ 1700ರವರೆಗಿನ ಅದೇ ಕಾಲದಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಬಾಯಿ ಮುಂದೆ ಹೋಯಿತು, ಬರಹ ಹಿಂದೆ ಉಳಿಯಿತು. ‘ಹೆಸರು’ ಎಂಬರ್ಥದ ‘ನೇಮ್’ ಒಂದು ಕಾಲಕ್ಕೆ ‘ನಾಮೆ’ ಆಗಿತ್ತು. ಅದೇ ನಾಲ್ಕು ಅಕ್ಷರಗಳನ್ನು ಜರ್ಮನರು ಇಂದಿಗೂ ‘ನಾಮೆ’ ಎಂದೇ ಓದುತ್ತಾರೆ. ನಮ್ಮ ‘ನಾಮ’ವೂ ಸಂಸ್ಕೃತದ ಮೂಲಕ ಬಂದ ಅದೇ ಬಳಗದ ಪದ!

ಇಂಗ್ಲಿಷಿನ ಮೂಕ ಅಕ್ಷರಗಳಲ್ಲಿ ಹಲವು ಹಿಂದೆ ಉಚ್ಚಾರಣೆಯಲ್ಲಿ ಇದ್ದಂಥವೇ. ಮೊಣಕಾಲಿಗೆ ಇಂಗ್ಲಿಷ್ ‘ನೀ’, ಅದರ ಮುಂದೆ ಮೂಕ ಕೆ. ಜರ್ಮನ್‌ನಲ್ಲಿ ಆ ಕೆ ಜೀವಂತ, ‘ಕ್ನೀ’. ‘ನೈಟ್’, ‘ಲೈಟ್’, ‘ಡಾಟರ್’ ಪದಗಳೊಳಗಿನ ಮೂಕ ಜಿ–ಎಚ್ ಜಾಗದಲ್ಲಿ ಜರ್ಮನ್ ಸಿ–ಎಚ್ ಇಟ್ಟುಕೊಂಡಿದೆ; ‘ನಖ್ಟ್’ (ರಾತ್ರಿ), ‘ಟೊಖ್ಟರ್’ (ಮಗಳು) ಕೇಳಿದರೆ ಗೊತ್ತಾಗುತ್ತದೆ. ಆದರೆ ಎಲ್ಲ ಮೂಕ ಅಕ್ಷರಕ್ಕೂ ಈ ವಿವರಣೆ ಹೊಂದದು. ಸಾಲ ಎಂಬರ್ಥದ ‘ಡೆಟ್’ ಫ್ರೆಂಚ್‌ನಿಂದ ಬಿ ಇಲ್ಲದೆ ಬಂದಿತ್ತು. ಲ್ಯಾಟಿನ್ ಮೂಲ ಕಾಣಲಿ ಎಂದು ಪಂಡಿತರು ಆಮೇಲೆ ಬಿ ತುರುಕಿದರು. ದ್ವೀಪದ ‘ಐಲೆಂಡ್’ನಲ್ಲಿರುವ ಎಸ್ ತಪ್ಪು ವ್ಯುತ್ಪತ್ತಿಯಿಂದ ಬಂದದ್ದು.

ಜರ್ಮನ್ ಕೇಳಿ ಬರೆಯುವಾಗಿನ ಕಷ್ಟ ಎರಡು. ದೀರ್ಘ ‘ಈ’ಯನ್ನು ಐ ಒಂದೇ, ಐ–ಇ, ಐ–ಎಚ್, ಐ–ಇ–ಎಚ್ ಹೀಗೆ ನಾಲ್ಕು ರೀತಿ ಬರೆಯುತ್ತಾರೆ, ಇದಕ್ಕೆ ಪದಪದವಾಗಿ ಬರೆದು ಕಲಿಯುವುದೇ ದಾರಿ. ಇನ್ನೊಂದು, ಪದದ ಕೊನೆಯ ಬಿ, ಡಿ, ಜಿ ಅಕ್ಷರಗಳು ‘ಪ್’, ‘ಟ್’, ‘ಕ್’ ಎಂದು ಕೇಳಿಸುತ್ತವೆ. ನಾಯಿ ‘ಹುಂಟ್’ ಎಂದು ಕೇಳಿ ಟಿ ಬರೆದರೆ ತಪ್ಪು. ಬಹುವಚನ ಮಾಡಿ ನೋಡಿ: ‘ಹುಂಡೆ’. ಡಿ ಹೊರಬಂತು, ಏಕವಚನದಲ್ಲೂ ಅದನ್ನೇ ಬರೆಯಬೇಕು. ಆದ್ದರಿಂದ ಹೊಸ ನಾಮಪದ ಬರೆದುಕೊಳ್ಳುವಾಗ ಪಕ್ಕದಲ್ಲೇ ಬಹುವಚನವನ್ನೂ ಬರೆದಿಡಿ.