ಶ್ವೇತಕುಬ್ಜದ ಜೊತೆ ನಕ್ಷತ್ರ ಎಲ್ಲಿ ಹೋಯಿತು?

ನೆರೆಯ ಗ್ಯಾಲಕ್ಸಿಯಾದ ದೊಡ್ಡ ಮೆಜೆಲಾನಿಕ್ ಮೋಡದಲ್ಲಿ, ನಮ್ಮಿಂದ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ, ಸೋಪಿನ ಗುಳ್ಳೆಯಂತೆ ದುಂಡಗಿನ ಅನಿಲದ ಕವಚವೊಂದಿದೆ. ಎಸ್‌ಎನ್‌ಆರ್ 0509-67.5 ಎಂದು ಕರೆಯುವ ಇದು, ಶ್ವೇತಕುಬ್ಜವೊಂದು ಸೂಪರ್‌ನೋವಾ ಆಗಿ ಸಿಡಿದ ಬಳಿಕ ಉಳಿದ ಅವಶೇಷ. 2012ರಲ್ಲಿ ಬ್ರ್ಯಾಡ್ಲಿ ಶೇಫರ್ ಮತ್ತು ಆಶ್ಲಿ ಪಗ್ನೊಟ್ಟಾ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಅದರ ನಟ್ಟನಡುವನ್ನು ಜಾಲಾಡಿದರೂ, ಶ್ವೇತಕುಬ್ಜಕ್ಕೆ ಅನಿಲ ಉಣಿಸಿ ಸಿಡಿಯುವಂತೆ ಮಾಡುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದ ಜೊತೆ ನಕ್ಷತ್ರದ ಸುಳಿವು ಸಿಗಲಿಲ್ಲ.

ಶ್ವೇತಕುಬ್ಜವೆಂದರೆ ಉರುವಲು ಮುಗಿದ ನಕ್ಷತ್ರದ ತಿರುಳು. ಗಾತ್ರದಲ್ಲಿ ಭೂಮಿಯಷ್ಟು, ರಾಶಿಯಲ್ಲಿ ಹೆಚ್ಚುಕಡಿಮೆ ಸೂರ್ಯನಷ್ಟು. ಅದರ ರಾಶಿಗೊಂದು ಮೇಲ್ಮಿತಿ ಇದೆಯೆಂಬ ಲೆಕ್ಕವನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ ಶುರು ಮಾಡಿದ್ದು 1930ರಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ. ಆಗ ಅವರಿಗಿನ್ನೂ 19 ವರ್ಷ. ಆ ಮಿತಿ ಸೂರ್ಯನ ರಾಶಿಯ ಸುಮಾರು 1.4 ಪಟ್ಟು. ಇಂಥ ನಕ್ಷತ್ರದಲ್ಲಿ ಬಿಸಿಯೇರಿದರೂ ಒತ್ತಡ ಅಷ್ಟಾಗಿ ಹೆಚ್ಚುವುದಿಲ್ಲವಾದ್ದರಿಂದ, ಅದು ಹಿಗ್ಗಿ ತಣ್ಣಗಾಗಲಾರದೆ ಒಳಗಿನ ಇಂಗಾಲ ಒಮ್ಮೆಗೇ ಹೊತ್ತಿಕೊಳ್ಳುತ್ತದೆಂದು ಫ್ರೆಡ್ ಹಾಯ್ಲ್ ಮತ್ತು ವಿಲಿಯಂ ಫೌಲರ್ 1960ರಲ್ಲಿ ಸೂಚಿಸಿದರು.

ರಾಶಿ ಆ ಮಿತಿಯ ಹತ್ತಿರ ಬಂದಾಗ ಇಂಗಾಲ ಹೊತ್ತಿಕೊಳ್ಳುತ್ತದೆಂಬುದು ಹಳೆಯ ಎಣಿಕೆ. ಹಾಗಾದರೆ ಮಿತಿ ಮುಟ್ಟಿಸುವ ಹೆಚ್ಚುವರಿ ರಾಶಿ ಬರುವುದೆಲ್ಲಿಂದ? ಪಕ್ಕದ ಕೆಂಪು ದೈತ್ಯದಿಂದ, ಅಂದರೆ ಉಬ್ಬಿದ ಮುದಿ ನಕ್ಷತ್ರದಿಂದ ಎಂದು 1973ರಲ್ಲಿ ವೀಲನ್ ಮತ್ತು ಇಬೆನ್ ಹೇಳಿದರು. 1984ರಲ್ಲಿ ಇಬೆನ್ ಮತ್ತು ಟುಟುಕೋವ್, ಪ್ರತ್ಯೇಕವಾಗಿ ವೆಬಿಂಕ್, ಇನ್ನೊಂದು ದಾರಿ ತೋರಿಸಿದರು: ಪರಸ್ಪರ ಸುತ್ತುವ ಎರಡು ಶ್ವೇತಕುಬ್ಜಗಳು ಗುರುತ್ವ ಅಲೆಗಳ ರೂಪದಲ್ಲಿ ಶಕ್ತಿ ಕಳೆದುಕೊಳ್ಳುತ್ತ ಹತ್ತಿರವಾಗಿ, ಕೊನೆಗೆ ವಿಲೀನವಾಗುತ್ತವೆ. ಆದರೆ ಮರುವರ್ಷವೇ ಆಕ್ಷೇಪ ಬಂತು. ಹಗುರವಾದದ್ದು ಚಿಂದಿಯಾಗಿ ಭಾರವಾದದ್ದರ ಮೇಲೆ ಬಿದ್ದಾಗ ಇಂಗಾಲ ಮೇಲಿಂದ ಒಳಕ್ಕೆ ಮೆಲ್ಲಗೆ ಉರಿದುಹೋಗಿ, ಸಿಡಿಯುವ ಬದಲು ನಕ್ಷತ್ರ ಕುಸಿದು ನ್ಯೂಟ್ರಾನ್ ನಕ್ಷತ್ರವಾಗಬಹುದೆಂದು ಸೈಯೊ ಮತ್ತು ನೊಮೊಟೊ ಲೆಕ್ಕ ಹಾಕಿದರು. ವಿಲೀನದ ವಾದ ಬಹುಕಾಲ ಎರಡನೇ ಸಾಲಿನಲ್ಲಿ ಕುಳಿತದ್ದಕ್ಕೆ ಈ ಲೆಕ್ಕದ ಪಾಲು ದೊಡ್ಡದು.

ಗಾಳಿ ತಿರುಗಿದ್ದು 2010ರ ಆಸುಪಾಸಿನಲ್ಲಿ. ಸರಿಸಮ ತೂಕದ ಎರಡು ಶ್ವೇತಕುಬ್ಜಗಳು ರಭಸದಿಂದ ಬೆರೆತರೆ ಆ ಹೊಡೆತಕ್ಕೇ ಸ್ಫೋಟವಾಗಬಲ್ಲದೆಂದು ಪಾಕ್ಮೋರ್ ತಂಡದ ಕಂಪ್ಯೂಟರ್ ಮಾದರಿ ತೋರಿಸಿತು. 2011ರ ಆಗಸ್ಟ್‌ನಲ್ಲಿ ಎಂ101 ಗ್ಯಾಲಕ್ಸಿಯಲ್ಲಿ ಸಿಡಿದ ಎಸ್‌ಎನ್ 2011ಎಫ್‌ಇ ಎಂಬ ಸೂಪರ್‌ನೋವಾದ ಜಾಗದಲ್ಲಿ, ಹಬಲ್‌ನ ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ, ಕೆಂಪು ದೈತ್ಯ ಇರಲೇ ಇಲ್ಲ.

2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಮತ್ತೆ 0509ರ ಕಡೆಗೇ ತಿರುಗಿತು. ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್‌ಗೆ ಅಲ್ಲಿ ಕ್ಯಾಲ್ಸಿಯಂನ ಎರಡು ಚಿಪ್ಪುಗಳು ಕಂಡವು. ಅದರರ್ಥ, ಮೊದಲು ಮೈಮೇಲಿನ ಹೀಲಿಯಂ, ಅದರ ಆಘಾತಕ್ಕೆ ಒಡಲಿನ ಇಂಗಾಲ, ಹೀಗೆ ನಕ್ಷತ್ರ ಎರಡು ಸಲ ಸಿಡಿದಿತ್ತು. ಇದಕ್ಕೆ ಚಂದ್ರಶೇಖರ್ ಮಿತಿಯನ್ನು ಮುಟ್ಟಬೇಕಾಗಿಲ್ಲ. ಜೊತೆಯ ಶ್ವೇತಕುಬ್ಜದಿಂದ ಸೆಳೆದ ಒಂದಿಷ್ಟು ಹೀಲಿಯಂ ಸಾಕಾಗಬಹುದು, ಪೂರ್ತಿ ವಿಲೀನವೂ ಬೇಡ. ಗಯಾ ಉಪಗ್ರಹದ ದತ್ತಾಂಶದಲ್ಲಿ 2018ರಲ್ಲಿ ಗುರುತಿಸಿದ, ಸೆಕೆಂಡಿಗೆ 1,000 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುವ ಮೂರು ನಕ್ಷತ್ರಗಳು ಅಂಥ ಸ್ಫೋಟದಲ್ಲಿ ಕವಣೆಯ ಕಲ್ಲಿನಂತೆ ಹಾರಿಹೋದ ಜೊತೆಗಳೆಂದು ನಂಬಲಾಗಿದೆ. 0509ರ ಜೊತೆಯೂ ಹಾಗೆ ಓಡಿಹೋಯಿತೋ, ಅಲ್ಲೇ ಸುಟ್ಟುಹೋಯಿತೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.